ಯಾರು ಗೆದ್ದಿದ್ದರೂ ಬಕೀಟು ನಮ್ಮದೇ

ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ಗೆದ್ದುಬಿಟ್ಟಿದ್ದರೆ? ಹೀಗೆ ಕೇಳಿಕೊಂಡು ಕಾದಂಬರಿ ಬರೆಯುವವರಿದ್ದಾರೆ. ಅಮೆರಿಕದ ಫಿಲಿಪ್ ಕೆ. ಡಿಕ್ 1962ರಲ್ಲಿ ಬರೆದ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಅಂಥದ್ದು. ಅದರಲ್ಲಿ ಅಮೆರಿಕದ ಪೂರ್ವ ಜರ್ಮನ್ನರ ಪಾಲು, ಪಶ್ಚಿಮ ಜಪಾನಿಯರ ಪಾಲು. ಬಿಳಿಯ ಅಂಗಡಿಯವನೊಬ್ಬ ಜಪಾನಿ ಗಿರಾಕಿಗಳ ಮುಂದೆ ಬಗ್ಗುತ್ತಾನೆ, ಎಲ್ಲಿ ತನ್ನ ಸ್ಥಾನ ಮೀರಿದೆನೋ ಅಂತ ಬೆವರುತ್ತಾನೆ. ಓದಿದವರು ಬೆಚ್ಚುತ್ತಾರೆ. ಹುಟ್ಟಿದ ಊರಲ್ಲೇ ತಲೆ ತಗ್ಗಿಸಿ ನಡೆಯೋಕೆ ನಮ್ಮ ಕೇರಿಗೆ ಯಾವ ಹಿಟ್ಲರನೂ ಬೇಕಾಗಿರಲಿಲ್ಲ. ಅವರ ಕಲ್ಪನೆ ನಮ್ಮ ಚರಿತ್ರೆ.

ಹಿಟ್ಲರ್ ಸೋತದ್ದು ಒಳ್ಳೇದೇ ಆಯ್ತು, ಎರಡು ಮಾತಿಲ್ಲ. ಬಾಬಾಸಾಹೇಬರೂ ನಾಜಿಗಳ ವಿರುದ್ಧದ ಯುದ್ಧದ ಪರ ನಿಂತರು. ನಮ್ಮ ಜಗಳ 'ಗೆದ್ದಿದ್ದರೆ' ಅನ್ನುವವರ ಕಣ್ಣು ಯಾರ ಮೇಲಿದೆ ಅನ್ನೋದರ ಮೇಲೆ.

ಇಂಥ ಕಥೆಗೂ ಬೆಂಗಳೂರಿನ ದಂಡಿಗೂ ನಂಟಿದೆ. 1896ರಿಂದ 1899ರ ನಡುವೆ ಇಲ್ಲಿ ಕುದುರೆ ಪಡೆಯ ಅಧಿಕಾರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ 1930ರಲ್ಲಿ ಅಂಥದ್ದೊಂದು ಬರೆದ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ಸೇನಾಪತಿ ಲೀ ಗೆದ್ದನಂತೆ. ಗೆದ್ದವನೇ ಗುಲಾಮಗಿರಿ ರದ್ದು ಮಾಡಿದನಂತೆ. ಇಂಗ್ಲಿಷ್ ಮಾತಾಡುವ ದೇಶಗಳು ಒಂದಾಗಿ 1914ರ ಮಹಾಯುದ್ಧವನ್ನೇ ತಡೆದವಂತೆ! ಗುಲಾಮನಿಗೆ ಅಲ್ಲಿ ಕೆಲಸವೇ ಇಲ್ಲ. ಧಣಿ ಕೊಟ್ಟ, ಇವನು ತಗೊಂಡ.

ಇಲ್ಲಿದ್ದಾಗ ತಾಯಿಗೆ ಬರೆದ ಪತ್ರವೊಂದರಲ್ಲಿ ಚರ್ಚಿಲ್, ಮೂವರು ಅಧಿಕಾರಿಗಳಿದ್ದ ದಂಡಿನ ಬಂಗಲೆಯ ಆಳುಗಳನ್ನು ಎಣಿಸುತ್ತಾನೆ. ಬಟ್ಲರ್, ಬಟ್ಟೆ ನೋಡಿಕೊಳ್ಳುವ ಹುಡುಗ, ಕುದುರೆ ನೋಡಿಕೊಳ್ಳುವವನು, ಇಬ್ಬರು ಮಾಲಿಗಳು, ಮೂವರು ನೀರು ಹೊರುವವರು, ನಾಲ್ವರು ಅಗಸರು, ಒಬ್ಬ ಕಾವಲುಗಾರ. ಕಕ್ಕಸು ಬಳಿದವನು ಪಟ್ಟಿಯಲ್ಲೇ ಇಲ್ಲ! ಮೂವರು ದೊರೆಗಳು ಉಂಡದ್ದು ಎಲ್ಲಿಗೆ ಹೋಯ್ತು ಸ್ವಾಮಿ?

ಹಿಟ್ಲರ್ ಸೋತ, ಚರ್ಚಿಲ್ ಗೆದ್ದ, 1947ರಲ್ಲಿ ಬ್ರಿಟಿಷರೂ ಹೋದರು. ಬಕೀಟು ಮಾತ್ರ ಕೈ ಬದಲಿಸಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಬೀದಿಗಿಳಿದು ಕೂಗಿದವರು ಎಷ್ಟು ಮಂದಿ! ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿಯೂ ಅವರೇ ಅನ್ನೋದನ್ನ ನೆನೆಯುವವರು ಎಷ್ಟು ಮಂದಿ? ಆಮೇಲೆ 1993ರಲ್ಲಿ ಒಂದು ಕೇಂದ್ರ ಕಾನೂನು, 2013ರಲ್ಲಿ ಇನ್ನೊಂದು. ಇವತ್ತಿಗೂ ಮ್ಯಾನ್‌ಹೋಲಿಗೆ ಇಳಿದವರು ಹೆಣವಾಗಿ ಮೇಲೆ ಬರುತ್ತಿದ್ದಾರೆ.

ನಮಗೂ ಒಂದು 'ಆಗಿದ್ದರೆ' ಕಾದಂಬರಿ ಬೇಕು. 1897ರ ಒಂದು ಬೆಳಗ್ಗೆ ಹಲಸೂರಿಂದ, ಈಗಿನ ಶಿವಾಜಿನಗರದಿಂದ, ಒಬ್ಬ ಜಾಡಮಾಲಿಯೂ ದಂಡಿನ ಬಂಗಲೆಗಳಿಗೆ ಹೋಗದೇ ಇದ್ದಿದ್ದರೆ? ಎರಡನೇ ದಿನವೂ ಹೋಗದೇ ಇದ್ದಿದ್ದರೆ? ಹತ್ತನೇ ದಿನ ಆ ಸಾಮ್ರಾಜ್ಯ ತನ್ನ ಫಿರಂಗಿ ಇಟ್ಟುಕೊಂಡು ಏನು ಮಾಡ್ತಿತ್ತು?

ಲೇಖಕ ಮಹಾಶಯರೇ, ಸೇನಾಪತಿಗಳನ್ನು ಸ್ವಲ್ಪ ಪಕ್ಕಕ್ಕಿಡಿ. ಬಕೀಟು ಕೆಳಗಿಟ್ಟವನಿಂದ ಶುರು ಮಾಡಿ. ನಿಮಗಾಗದಿದ್ದರೆ ಬಿಡಿ, ನಾವೇ ಬರೀತೀವಿ.