ಫಾರ್ಮ್ಯಾಟ್ ಎಂಬ ಸರ್ವರೋಗನಿವಾರಕ



ಗಣಕಯಂತ್ರ ಸ್ವಲ್ಪ ನಿಧಾನವಾದರೆ ಸಾಕು, ರಿಪೇರಿಗೆ ಬಂದವರ ಬಾಯಿಂದ ಹೊರಡುವ ಮೊದಲ ಮಾತು, "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್." ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಚಿಕಿತ್ಸೆಗೆ ನನ್ನ ಆಕ್ಷೇಪವಿದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಹಳೆಯ ಯಂತ್ರಗಳಿಗೆ ಹೊಸ ವ್ಯವಸ್ಥೆಯನ್ನು ತುಂಬಿಸುವ ಮಾತು ನಡೆಯುತ್ತಿದೆಯಾದ್ದರಿಂದ ಇದನ್ನು ಈಗಲೇ ಬರೆಯುತ್ತಿದ್ದೇನೆ.

ನನ್ನ ಮಿತ್ರರೊಬ್ಬರು, ನಿವೃತ್ತ ಕನ್ನಡ ಪಂಡಿತರು, ಹನ್ನೊಂದು ವರ್ಷ ಹಳ್ಳಿಹಳ್ಳಿ ತಿರುಗಿ ಸೋಬಾನೆ ಪದಗಳನ್ನು ಬರೆದುಕೊಂಡು ಬಂದು, ನುಡಿ ತಂತ್ರಾಂಶದಲ್ಲಿ ತಾವೇ ಒಂದೊಂದಾಗಿ ಬೆರಳಚ್ಚು ಮಾಡಿದ್ದರು. ಯಂತ್ರ ಕೆಟ್ಟಿತು. ಬಂದ ಹುಡುಗ ಒಂದು ಗಂಟೆಯಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿ, ಹಣ ಪಡೆದು ಹೋದ. ಪದಗಳ ಕಡತಗಳು ಡಿ ಡ್ರೈವಿನಲ್ಲಿದ್ದುದರಿಂದ ಉಳಿದಿದ್ದವು. ಆದರೆ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಕಲಸುಮೇಲೋಗರ. ದೂರವಾಣಿಯಲ್ಲಿ ಕೇಳಿದರೆ, "ಫೈಲ್ ಕರಪ್ಟ್ ಆಗಿದೆ, ಡಿಲೀಟ್ ಮಾಡಿ" ಎಂಬ ಉತ್ತರ ಬಂತು. ಪಂಡಿತರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಮನೆಯವರು ಹೇಳಿದರು.

ಕಡತ ಕೆಟ್ಟಿರಲಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಸ್ಥಾನಗಳಲ್ಲಿ ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಅಳಿಸಿಹೋದರೆ ಒಳಗಿನ ಇಂಗ್ಲಿಷ್ ಬೀದಿಗೆ ಬರುತ್ತದೆ. ಪಂಡಿತರ ಸೋದರಳಿಯ ಬಂದು ನುಡಿಯನ್ನು ಮತ್ತೆ ಹಾಕಿದೊಡನೆ ಪದಗಳೆಲ್ಲ ಎದ್ದು ನಿಂತವು. ಅಷ್ಟರೊಳಗೆ ಅವರು ಡಿಲೀಟ್ ಒತ್ತಿರಲಿಲ್ಲವೆಂಬುದು ನಮ್ಮೆಲ್ಲರ ಪುಣ್ಯ.

ಆದರೆ ಇನ್ನೊಂದು ಕಡತವಿತ್ತು. ಯಾವ ಪದವನ್ನು ಯಾವ ಊರಿನ ಯಾವ ತಾಯಿ ಹಾಡಿದರೆಂಬ ಪಟ್ಟಿ. ಪದೇ ಪದೇ ಬೇಕಾಗುತ್ತದೆಂದು ಅದನ್ನು ಡೆಸ್ಕ್‌ಟಾಪಿನಲ್ಲಿ, ಕಣ್ಣೆದುರೇ ಇಟ್ಟಿದ್ದರು. ಕಣ್ಣಿಗೆ ಮೇಜಿನಂತೆ ಕಾಣುವ ಆ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಸಿ ಡ್ರೈವಿನೊಳಗಿನ ಒಂದು ಫೋಲ್ಡರ್ ಮಾತ್ರ. ಸಿ ಡ್ರೈವಿನೊಂದಿಗೆ ಅದೂ ಹೋಯಿತು. ಹಾಡುಗಳು ಉಳಿದವು, ಹಾಡಿದವರ ಹೆಸರು ಹೋಯಿತು. ಅವರಲ್ಲಿ ಹಲವರು ಈಗ ಇಲ್ಲ.

ಆಗಲೂ ದಾರಿಯಿತ್ತು. ಅವಸರದ ಫಾರ್ಮ್ಯಾಟ್ ಅಳಿಸುವುದು ವಿಳಾಸಗಳ ಪಟ್ಟಿಯನ್ನಷ್ಟೇ. ಹಾಜರಿ ಪುಸ್ತಕ ಹರಿದರೆ ಮಕ್ಕಳು ತರಗತಿಯಿಂದ ಮಾಯವಾಗುವುದಿಲ್ಲವಲ್ಲ! ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ, ಅದೇ ಜಾಗದ ಮೇಲೆ ಹೊಸದನ್ನು ಬರೆಯುವ ತನಕ ಹಳೆಯದನ್ನು ಮರಳಿ ಪಡೆಯುವ ಅವಕಾಶವಿರುತ್ತದೆ. ಇಲ್ಲಿ ಅದರ ಮೇಲೆ ವಿಂಡೋಸ್, ಆಫೀಸ್, ಯಾರೂ ಕೇಳದ ನಾಲ್ಕು ಆಟಗಳು ಕುಳಿತಾಗಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಂತೂ ಖಾಲಿಯೆಂದು ಗುರುತಾದ ಜಾಗವನ್ನು ಯಂತ್ರವೇ ಬೇಗ ಒರೆಸಿಬಿಡುವುದರಿಂದ ಆ ಆಸೆಯೂ ಕಡಿಮೆ.

ಡ್ರೈವರುಗಳ ಗೋಳು ಬೇರೆ. ಹೊಸ ವ್ಯವಸ್ಥೆಗೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಗೊತ್ತಿಲ್ಲದಿದ್ದರೆ ಅಂತರಜಾಲವಿಲ್ಲ. ಅಂತರಜಾಲವಿಲ್ಲದೆ ಡ್ರೈವರ್ ಇಳಿಸಿಕೊಳ್ಳುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಪಂಡಿತರ ಹಳೆಯ ಸ್ಕ್ಯಾನರಿಗೆ 32 ಬಿಟ್ ಡ್ರೈವರ್ ಮಾತ್ರವಿತ್ತು. ಹುಡುಗ ಹಾಕಿದ್ದು 64 ಬಿಟ್ ವಿಂಡೋಸ್. ಅದು ಇದನ್ನು ಒಪ್ಪುವುದೇ ಇಲ್ಲ. ಚೆನ್ನಾಗಿದ್ದ ಸ್ಕ್ಯಾನರ್ ಅಟ್ಟ ಸೇರಿತು.

ಇಷ್ಟಾದ ಮೇಲೆ ಕೆಲವರು, "ವಯಸ್ಸಾದವರಿಗೆ ಇದೆಲ್ಲ ಯಾಕೆ? ಕ್ಲೌಡಿನಲ್ಲಿಡಬೇಕಿತ್ತು" ಎಂದರು. ಇಡಬಹುದು. ಆದರೆ ಅದರ ಪಾಸ್‌ವರ್ಡನ್ನು ಅದೇ ಯಂತ್ರಕ್ಕೆ ನೆನಪಿಡಲು ಒಪ್ಪಿಸಿರುವ ಯುವಕರನ್ನೂ ನಾನು ಬಲ್ಲೆ. ಪಂಡಿತರ ಮೇಲೆ ತಪ್ಪು ಹೊರಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಸೂಜಿ ಚುಚ್ಚುವ ಮೊದಲು ವೈದ್ಯರು, "ಯಾವುದಾದರೂ ಔಷಧ ಒಗ್ಗುವುದಿಲ್ಲವೇ?" ಎಂದು ಕೇಳುತ್ತಾರೆ. ಹಾಗೆಯೇ, "ನಿಮ್ಮ ಕಡತಗಳು ಎಲ್ಲೆಲ್ಲಿವೆ? ಕನ್ನಡಕ್ಕೆ ಯಾವ ಫಾಂಟ್?" ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಕೈಯಲ್ಲಿ ವಿದ್ಯೆಯಿರುವವನ ಹೊಣೆ. ನನ್ನ ವಿದ್ಯಾರ್ಥಿಗಳಲ್ಲಿ ಈ ವೃತ್ತಿ ಹಿಡಿದವರು ಕೆಲವರಿದ್ದೀರಿ. ಈ ಮಾತು ಮುಖ್ಯವಾಗಿ ನಿಮಗೆ. ಯಂತ್ರದಲ್ಲಿರುವ ಡ್ರೈವರುಗಳನ್ನು ಮೊದಲೇ ಪೆನ್‌ಡ್ರೈವಿಗೆ ನಕಲಿಸಿಕೊಳ್ಳುವ ಸೌಲಭ್ಯ ಈಗಿನ ವಿಂಡೋಸಿನಲ್ಲೇ ಇದೆ. ನಿಮಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ.

ಮನೆಯಲ್ಲಿ ಹಳೆಯ ನುಡಿ, ಬರಹ ಕಡತಗಳಿರುವ ಬಂಧುಗಳು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಮೂಲ ಕಡತವನ್ನೂ ಹಾಗೆಯೇ ಇಟ್ಟುಕೊಳ್ಳಿ. ಪಂಡಿತರು ಈಗ ಆ ಕೆಲಸವನ್ನೇ ಮಾಡುತ್ತಿದ್ದಾರೆ. ಭಾನುವಾರಗಳಂದು ಮಾತ್ರ ಸೋದರಳಿಯನ ಬೈಕಿನ ಹಿಂದೆ ಕುಳಿತು, ಮತ್ತೆ ಅದೇ ಹಳ್ಳಿಗಳಿಗೆ ಹೋಗಿ ಹೆಸರುಗಳನ್ನು ಕೇಳಿಕೊಂಡು ಬರುತ್ತಾರೆ.