ಸಂಖ್ಯೆಗಳಿಗೂ ಬೇಕು ಪಕ್ಷಾಂತರ ನಿಷೇಧ

ನಮ್ಮ ಅತ್ತಿಗೆ ಮನೆಯಲ್ಲೇ ಕೇಕ್ ಮಾಡಿ ಮಾರ್ತಾರೆ. ಆರ್ಡರ್ ಬರೋದು ಒಂದು ಆ್ಯಪ್ ಮೂಲಕ. ಮಾರಿದ ಬೆಲೆಯಲ್ಲಿ ಶೇ. 25 ಕಮಿಷನ್ ಆ ಆ್ಯಪ್‌ನದು. (ಕಮಿಷನ್ ಮೇಲಿನ ಜಿಎಸ್‌ಟಿ ಬೇರೆ, ಅದನ್ನ ಸದ್ಯಕ್ಕೆ ಬಿಡಿ.) ಒಂದು ಕೇಕಿಗೆ ಕೈಗೆ 300 ರೂಪಾಯಿ ಬಂದರೆ ಸಾಕು ಅನ್ನೋದು ಅತ್ತಿಗೆಯ ಆಸೆ. 'ಅವ್ರು 25 ಪರ್ಸೆಂಟ್ ಕಳೀತಾರೆ, ನಾನು 25 ಪರ್ಸೆಂಟ್ ಕೂಡಿಸಿಬಿಡ್ತೀನಿ, ಸರಿ ಅಲ್ವೇನೋ?' ಅಂತ ಕೇಳಿದ್ರು. ಹೂಂ ಅಂದೆ. ಬೆಲೆ 375 ಆಯ್ತು.

ಆ್ಯಪ್ 375ರಲ್ಲಿ 93.75 ಹಿಡಿದುಕೊಂಡಿತು. ಕೈಗೆ ಬಂದದ್ದು 281.25. ತಿಂಗಳಿಗೆ ನಲವತ್ತು ಕೇಕ್ ಅಂದರೆ 750 ರೂಪಾಯಿ ಖೋತಾ. 'ಆ್ಯಪ್‌ನವ್ರು ಏನೋ ಗೋಲ್‌ಮಾಲ್ ಮಾಡ್ತಿದಾರೆ, ನೋಡೋ' ಅಂತ ಅತ್ತಿಗೆ ಫೋನ್ ಮಾಡಿದಾಗ ನಾನು ಪೇಪರ್ ಪೆನ್ ಹಿಡಿದೆ. ಹಿಡಿದ ಮೇಲೆ ನಾಚಿಕೆ ಆಯ್ತು. ಹೂಂ ಅಂದಿದ್ದು ನಾನು, ಇಂಜಿನಿಯರ್.

ಈ ತಪ್ಪಿನ ಮೂಲ ಎಲ್ಲಿದೆ ಅಂತ ನನಗೆ ಗೊತ್ತು. ಹೈಸ್ಕೂಲಿನ ಕರಿಹಲಗೆ ಮೇಲೆ. 'ಈಕಡೆಯಿಂದ ಆಕಡೆ ಹೋದ್ರೆ ಮೈನಸ್ ಪ್ಲಸ್ ಆಗುತ್ತೆ, ಪ್ಲಸ್ ಮೈನಸ್ ಆಗುತ್ತೆ.' ಕನ್ನಡ ಮೀಡಿಯಮ್ಮಿನಲ್ಲಿ ಇದಕ್ಕೆ ಪಕ್ಷಾಂತರ ಅಂತ ಹೆಸರು. ಹೆಸರಿಗೆ ತಕ್ಕ ಹಾಗೇ ಇದೆ ಬಿಡಿ. ಶಾಸಕರು ಗೆರೆ ದಾಟಿದ ತಕ್ಷಣ ಬಣ್ಣ ಬದಲಿಸ್ತಾರೆ, ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ಶಾಸಕರಿಗಾದರೂ 1985ರಿಂದ ಕಾಯ್ದೆ ಇದೆ. ಸಂಖ್ಯೆಗಳಿಗೆ ಅದೂ ಇಲ್ಲ.

ಅಸಲಿಗೆ ಯಾವ ಸಂಖ್ಯೆಯೂ ಎಲ್ಲಿಗೂ ಹೋಗೋದಿಲ್ಲ. ಸಮೀಕರಣ ಅಂದ್ರೆ ಸಮ ತೂಗಿ ನಿಂತ ತಕ್ಕಡಿ. ಎರಡೂ ತಟ್ಟೆಗೆ ಒಂದೇ ಕೆಲಸ ಮಾಡ್ತೀವಿ, ಅಷ್ಟೇ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿದ್ದ 'ಅಲ್-ಜಬ್ರ್' ಅನ್ನೋ ಮಾತೇ ನಮ್ಮ ಆಲ್ಜೀಬ್ರಾ ಆಗಿದ್ದು. ಮುರಿದದ್ದನ್ನ ಕೂಡಿಸೋದು ಅಂತ ಅದರ ಅರ್ಥ. ಕಳೆದಿರೋದನ್ನ ಎರಡೂ ಕಡೆಗೆ ಕೂಡಿಸಿ ಭರ್ತಿ ಮಾಡೋದು. ಎರಡೂ ಕಡೆಗೆ! ಮಂತ್ರದಲ್ಲಿ ಮಾಯವಾಗಿರೋದು ಇದೇ ಮಾತು.

ಅತ್ತಿಗೆಯ ಕೇಕಿನ ಬೆಲೆ ಎಕ್ಸ್ ಅನ್ನಿ. ಎಕ್ಸ್‌ನಲ್ಲಿ ಅದರ ಕಾಲು ಭಾಗ ಕಳೆದರೆ 300. ಎರಡೂ ಕಡೆಗೆ ಕಾಲು ಎಕ್ಸ್ ಕೂಡಿಸಿದ್ರೆ, ಎಕ್ಸ್ ಅಂದ್ರೆ 300 ಮತ್ತು ಕಾಲು ಎಕ್ಸ್. ಇದು ಸರಿ, ಆದ್ರೆ ಉಪಯೋಗವಿಲ್ಲ, ಬಲಗಡೆ ಇನ್ನೂ ಎಕ್ಸ್ ಕೂತಿದೆ. ನಾವಿಬ್ಬರೂ ಅಲ್ಲಿ ಕಾಲು ಎಕ್ಸ್ ಬದಲು 300ರ ಕಾಲು ಭಾಗ ತುರುಕಿದ್ವಿ. ಮೈನಸ್ 25 ಪರ್ಸೆಂಟ್ ಆಕಡೆ ಹೋಯ್ತು, ಪ್ಲಸ್ 25 ಪರ್ಸೆಂಟ್ ಆಯ್ತು. ಯಾವುದರ 25 ಪರ್ಸೆಂಟ್ ಅಂತ ಮಂತ್ರ ಕೇಳೋದೇ ಇಲ್ಲ. ಎಕ್ಸ್‌ನಲ್ಲಿ ಕಾಲು ಹೋದರೆ ಉಳಿಯೋದು ಮುಕ್ಕಾಲು, ಮುಕ್ಕಾಲು ಎಕ್ಸ್ 300, ಎರಡೂ ಕಡೆ 0.75ರಿಂದ ಭಾಗಿಸಿದ್ರೆ 400.

ಯಾವುದು ಮೊದಲು ಅನ್ನೋದನ್ನೂ ಈ ಮಂತ್ರ ಹೇಳಲ್ಲ. ಸೆಲ್ಸಿಯಸ್ಸನ್ನ 9/5ರಿಂದ ಗುಣಿಸಿ 32 ಕೂಡಿಸಿದ್ರೆ ಫ್ಯಾರನ್‌ಹೀಟ್. ವಾಪಸ್ ಬರುವಾಗ ಮೊದಲು 32 ಕಳೀಬೇಕು, ಆಮೇಲೆ 5/9ರಿಂದ ಗುಣಿಸಬೇಕು. 98.6 ಆಗ 37 ಆಗುತ್ತೆ. ಉಲ್ಟಾ ಮಾಡಿದ್ರೆ ಸುಮಾರು 22.8, ಆರೋಗ್ಯವಂತ ಮನುಷ್ಯ ಹೆಣದ ಹಾಗೆ ತಣ್ಣಗೆ. ಶರ್ಟಿನ ಮೇಲೆ ಸ್ವೆಟರ್ ಹಾಕಿದವರು ಮೊದಲು ಸ್ವೆಟರ್ ತೆಗೀಬೇಕು ಅನ್ನೋದು ಮೂರು ವರ್ಷದ ಮಗುವಿಗೂ ಗೊತ್ತು.

'ಎಕ್ಸಾಮಲ್ಲಿ ಟೈಮ್ ಇರಲ್ಲ ಸಾರ್, ಶಾರ್ಟ್‌ಕಟ್ ಬೇಕು' ಅಂತಾರೆ. ಬೇಕು, ನಾನೂ ಬಳಸ್ತೀನಿ. ಆದರೆ ದಾರಿ ಗೊತ್ತಿದ್ದವರಿಗೆ ತಾನೇ ಒಳದಾರಿ? ಮುಖ್ಯರಸ್ತೆಯನ್ನೇ ತೋರಿಸದೆ ಗಲ್ಲಿಗೆ ಬಿಟ್ಟರೆ, ಎಕ್ಸಾಮಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡು ಇಪ್ಪತ್ತು ವರ್ಷ ಆದ್ಮೇಲೆ ಕೇಕಿನ ಬೆಲೆ ಹಾಕೋಕೆ ಬರದ ನನ್ನಂಥೋರು ತಯಾರಾಗ್ತಾರೆ.

ಅತ್ತಿಗೆ ಈಗ 400 ಇಟ್ಟಿದಾರೆ. ಹೋದ ಭಾನುವಾರ ಅವರ ಮಗನ ನೋಟ್‌ಬುಕ್ ನೋಡಿದೆ. ಸಮ ಚಿಹ್ನೆಯ ಮೇಲಿಂದ ಹಾರಿಹೋಗೋ ಬಾಣದ ಗುರುತು, ಪುಟದ ತುಂಬಾ. ತಕ್ಕಡಿ ಬರೆದು, ಎರಡೂ ಕಡೆ ಕಳೆದು ತೋರಿಸಿದೆ. ಅವನಿಗೆ ಅರ್ಥ ಆಯ್ತು, ಖುಷಿಯೂ ಆಯ್ತು. ಆಮೇಲೆ ರಬ್ಬರ್ ತಗೊಂಡು ಅಳಿಸೋಕೆ ಶುರು ಮಾಡಿದ.

'ಯಾಕೋ?'

'ಸ್ಟೆಪ್ ಜಾಸ್ತಿ ಆಗುತ್ತೆ ಚಿಕ್ಕಪ್ಪ. ಮಿಸ್ ಬೈತಾರೆ.'