ಇಪ್ಪತ್ತಾರು ಕಟ್ಟು, ಒಂದು ಗುಟ್ಟು

ಕಳೆದ ಬೇಸಿಗೆ ರಜೆಯಲ್ಲಿ ದಿಲ್‌ಸುಖ್‌ನಗರದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ನಾಲ್ಕು ಭಾನುವಾರ ಮಕ್ಕಳಿಗೆ ಜಾದೂ ಹೇಳಿಕೊಟ್ಟೆ. ಹೆಚ್ಚಿನವರು ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆಯ ಮನೆಗಳ ಮಕ್ಕಳು. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ, ಅಜ್ಜಿಯ ಫೋನ್ ಬಂದಾಗ ಮಾತ್ರ ಕನ್ನಡ. ಕರವಸ್ತ್ರದಿಂದ ಹೂವು ತೆಗೆಯುವುದನ್ನು ಹೇಳಿಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಇಸ್ಪೀಟ್ ಎಲೆ ಕತ್ತರಿಸುವುದನ್ನು ಹೇಳಿಕೊಟ್ಟೆ. ಎರಡನೇ ವಾರಕ್ಕೇ ಎರಡು ತಕರಾರು ಬಂದವು.

ಮೊದಲನೆಯದು ಒಬ್ಬ ತಾಯಿಯದು. "ಅಣ್ಣಾರ, ಊರಾಗ ಇಸ್ಪೀಟಾಡಿ ಹೊಲ ಕಳಕೊಂಡವರನ್ನ ನೋಡಿ ನೋಡಿ ಸಾಕಾಗೇದ. ನೀವು ಇಲ್ಲಿ ಮಕ್ಕಳ ಕೈಗೆ ಮತ್ತ ಅದನ್ನೇ ಕೊಡ್ಲಿಕ್ಕತ್ತೀರಿ. ಅದೂ ಮೋಸದ ಎಲಿ!"

ಎರಡನೆಯದು ಮದುವೆ, ಬರ್ತ್‌ಡೇಗಳಲ್ಲಿ ಜಾದೂ ಮಾಡಿ ಬದುಕುವ ಗೆಳೆಯನದು. "ಗುಟ್ಟು ಬಿಟ್ಟುಕೊಟ್ಟು ನಮ್ಮ ಹೊಟ್ಟಿ ಮ್ಯಾಲೆ ಹೊಡೀತೀ ಏನೋ ತಮ್ಮಾ? ಬೇಕಾದವರು ರೆಡಿಮೇಡ್ ಕಟ್ಟು ತೊಗೊಳ್ಳಲಿ ಬಿಡು."

ಒಬ್ಬರದು ನೀತಿಯ ಪ್ರಶ್ನೆ, ಇನ್ನೊಬ್ಬರದು ಹೊಟ್ಟೆಪಾಡಿನ ಪ್ರಶ್ನೆ. ಆದರೆ ಇಬ್ಬರೂ ಹೇಳಿದ್ದು ಒಂದೇ ಮಾತು: ಮುಚ್ಚಿಡು. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೂ ಇಬ್ಬರೂ ತಪ್ಪು ಎಂದೇ ಹೇಳುತ್ತೇನೆ. ಯಾಕೆಂದರೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಾನೊಮ್ಮೆ ಕಣ್ಣಾರೆ ಕಂಡಿದ್ದೇನೆ.

2009ರಲ್ಲಿ ಲಿಂಗಸುಗೂರಿನಿಂದ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆಂದು ಇಲ್ಲಿಗೆ ಬಂದೆ. ದಿಲ್‌ಸುಖ್‌ನಗರ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಗಲ್ಲಿಗೊಂದು ಕೋಚಿಂಗ್ ಸೆಂಟರ್, ಅದರ ಮಗ್ಗುಲಿಗೊಂದು ಹಾಸ್ಟೆಲ್, ಹಾಸ್ಟೆಲ್ಲಿನ ಕೆಳಗೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ನಾಲ್ಕು ಮಂಚದ ನನ್ನ ರೂಮಿನಲ್ಲಿ ಓದಿಗಿಂತ ಇಸ್ಪೀಟು ಜಾಸ್ತಿ. ಕೋಠಿಯ ಫುಟ್‌ಪಾತಿನಲ್ಲಿ ಸಿಕ್ಕಿದ ಹಳೆಯ ಜಾದೂ ಪುಸ್ತಕವೊಂದನ್ನು ಓದಿ ನಾನು ಎಲೆ ಕತ್ತರಿಸಲು ಶುರು ಮಾಡಿದೆ. ಮೊದಲು ಮಾಡಿದ್ದು ಓರೆ ಕಟ್ಟು. ಐವತ್ತೆರಡೂ ಎಲೆಗಳ ಎರಡು ಉದ್ದನೆಯ ಅಂಚುಗಳನ್ನು ಕೂದಲೆಳೆಯಷ್ಟು ಓರೆಯಾಗಿ ಕತ್ತರಿಸಬೇಕು. ಒಂದು ತುದಿ ಇನ್ನೊಂದಕ್ಕಿಂತ ಸುಮಾರು ಒಂದು ಮಿಲಿಮೀಟರ್ ಕಿರಿದಾದರೆ ಸಾಕು. ಕಣ್ಣಿಗೆ ಕಾಣುವುದಿಲ್ಲ. ಆದರೆ ಯಾವುದೋ ಒಂದು ಎಲೆಯನ್ನು ತಿರುಗಿಸಿ ಇಟ್ಟರೆ, ಉಳಿದವುಗಳ ಕಿರಿದಾದ ತುದಿಯ ನಡುವೆ ಅದರ ಅಗಲದ ತುದಿ ಸಣ್ಣಗೆ ಹೊರಗೆ ಚಾಚಿರುತ್ತದೆ. ಎಷ್ಟೇ ಕಲೆಸಿ, ಹೆಬ್ಬೆರಳು ಮತ್ತು ನಡುಬೆರಳಿನಿಂದ ಸವರಿ ಎಳೆದರೆ ಅದೊಂದೇ ಈಚೆ ಬರುತ್ತದೆ.

ಅದನ್ನು ನೋಡಿ ರೂಮ್‌ಮೇಟ್ ಒಬ್ಬ, "ನನಗೂ ಒಂದು ಮಾಡಿಕೊಡೋ, ಊರಾಗ ತಂಗಿಗೆ ತೋರಸ್ತೀನಿ" ಅಂದ. ಮೆಚ್ಚಿದವನು ಮೊದಲ ಪ್ರೇಕ್ಷಕ, ಹಿಗ್ಗಿನಿಂದ ಮಾಡಿಕೊಟ್ಟೆ. 2011ರ ದೀಪಾವಳಿಯ ರಾತ್ರಿ ಹಾಸ್ಟೆಲ್ ತಾರಸಿಯಲ್ಲಿ ಮೂರೆಲೆ ಆಟ ಕಟ್ಟಿದರು. ಸುತ್ತ ಹನ್ನೆರಡು ಮಂದಿ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಆಡುತ್ತಿದ್ದದ್ದು ನನ್ನ ಕಟ್ಟಿನಲ್ಲಿ. ಯಾದಗಿರಿ ಕಡೆಯ ಒಬ್ಬ ಹುಡುಗ, ಮಾತು ಕಡಿಮೆ, ನಾಲ್ಕು ಸಾವಿರ ಕಳೆದುಕೊಂಡ. ಅದು ಕೋಚಿಂಗ್ ಫೀಸಿನ ಎರಡನೇ ಕಂತು. ಸೋತಾಗೆಲ್ಲ ಅವನು ಕಟ್ಟು ಇಸಿದುಕೊಂಡು ತಾನೇ ಕಲೆಸಿದ, ತಾನೇ ಕಟ್ ಮಾಡಿದ. ಮೋಸವಿಲ್ಲ ಎಂದು ಅವನೇ ಖಾತ್ರಿ ಮಾಡಿಕೊಂಡು ಮತ್ತೆ ಸೋತ.

ನಾನು ಸುಮ್ಮನಿದ್ದೆ. ಹೆದರಿಕೆಯಿಂದ ಅಂದರೆ ಅರ್ಧ ನಿಜ. ಉಳಿದರ್ಧ, ಆ ಪುಸ್ತಕದ ಮೊದಲ ಪುಟದಲ್ಲೇ ಇದ್ದ ನಿಯಮ: ಜಾದೂಗಾರ ಗುಟ್ಟು ಹೇಳಬಾರದು. ಅದನ್ನು ನಾನು ವ್ರತದಂತೆ ಪಾಲಿಸಿದೆ. ವಾರದೊಳಗೆ ಆ ಹುಡುಗ ಟ್ರಂಕು ಕಟ್ಟಿಕೊಂಡು ಊರಿಗೆ ಹೋದ. ನನ್ನ ವ್ರತದಿಂದ ಕಾಪಾಡಲ್ಪಟ್ಟದ್ದು ಜಾದೂ ಕಲೆಯಲ್ಲ, ಒಬ್ಬ ಕಳ್ಳ.

ಈಗ ಆ ತಾಯಿಗೆ ಉತ್ತರ. ಅಕ್ಕಾರ, ಮೋಸದ ಎಲೆ ಮಾಡುವುದನ್ನು ಕಲಿಸಿದರೆ ಮಕ್ಕಳು ಮೋಸಗಾರರಾಗುತ್ತಾರೆ ಎಂಬುದು ನಿಮ್ಮ ಭಯ. ನಾನು ಕಟ್ಟು ಮಾಡಿಕೊಟ್ಟವನೇ ಮೋಸ ಮಾಡಿದನಲ್ಲ ಎಂದು ನೀವು ನನ್ನ ಮುಖಕ್ಕೇ ಕೇಳಬಹುದು. ಹೌದು, ಮಾಡಿದ. ಆದರೆ ಅಲ್ಲಿ ನನ್ನ ತಪ್ಪು ಕಲಿಸಿದ್ದಲ್ಲ, ಒಬ್ಬನಿಗೇ ಕೊಟ್ಟದ್ದು. ತಾರಸಿಯ ಮೇಲಿದ್ದ ಹನ್ನೆರಡು ಮಂದಿಗೂ ಓರೆ ಕಟ್ಟು ಗೊತ್ತಿದ್ದರೆ ಆಟ ಒಂದು ಸುತ್ತೂ ನಡೆಯುತ್ತಿರಲಿಲ್ಲ. ಯಾರೋ ಒಬ್ಬ ಕಟ್ಟನ್ನು ಕೈಗೆ ತೆಗೆದುಕೊಂಡು, ಅರ್ಧದಷ್ಟು ಎಲೆಗಳನ್ನು ತಲೆಕೆಳಗು ತಿರುಗಿಸಿ ಸೇರಿಸಿ, ಅಂಚು ಸವರಿ ನೋಡುತ್ತಿದ್ದ. ಐದು ಸೆಕೆಂಡಿನ ಕೆಲಸ. ಮೋಸ ಮಾಡಬೇಕೆನ್ನುವವನಿಗೆ ಇಂಥ ಕಟ್ಟು ಇವತ್ತು ಮನೆಬಾಗಿಲಿಗೇ ಪಾರ್ಸೆಲ್ ಬರುತ್ತದೆ. ಮುಚ್ಚಿಡುವುದರಿಂದ ಅದು ತಿಳಿಯದೆ ಉಳಿಯುವುದು ಮೋಸಹೋಗುವವನಿಗೆ ಮಾತ್ರ.

ಕಾನೂನು ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಇಸ್ಪೀಟಿನ ಮೇಲೆ ಈ ದೇಶದ ಹೆಸರಾಂತ ತೀರ್ಪು ಹುಟ್ಟಿದ್ದೇ ನಮ್ಮ ಪಕ್ಕದ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ನಡೆದ ದಾಳಿಯಿಂದ. ಸುಪ್ರೀಂ ಕೋರ್ಟ್ 1967ರ ನವೆಂಬರಿನಲ್ಲಿ, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಆದ್ದರಿಂದ ಅದು ಮುಖ್ಯವಾಗಿ ಜಾಣ್ಮೆಯ ಆಟ, ಮೂರೆಲೆ ಆಟದಂತೆ ಬರೀ ಅದೃಷ್ಟದ್ದಲ್ಲ ಎಂದಿತು. 2017ರಲ್ಲಿ ತೆಲಂಗಾಣ ಸರ್ಕಾರ ತನ್ನ ಗೇಮಿಂಗ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನೂ ನಿಷೇಧಿಸಿತು. ಜಾಣ್ಮೆಯೋ ಅದೃಷ್ಟವೋ ಎಂಬ ವಾದ ಐವತ್ತು ವರ್ಷದಿಂದ ನಡೆದೇ ಇದೆ. ಆದರೆ ಒಂದು ಮಿಲಿಮೀಟರ್ ಕತ್ತರಿಸಿದ ಎಲೆಯಲ್ಲಿ ಜಾಣ್ಮೆಯೂ ಇಲ್ಲ, ಅದೃಷ್ಟವೂ ಇಲ್ಲ. ಅದನ್ನು ಹಿಡಿಯುವುದು ಕಲಿತ ಬೆರಳು, ಕಾಯ್ದೆಯ ಪುಸ್ತಕವಲ್ಲ.

ಇನ್ನು ಗೆಳೆಯನಿಗೆ. ಗುಟ್ಟು ಹೊರಬಿದ್ದರೆ ಜಾದೂ ಸಾಯುತ್ತದೆ ಎನ್ನುತ್ತೀಯ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಎಂಬಾತ ಮಾಟಗಾತಿಯರೆಂದು ಬಡವರನ್ನು ಹಿಂಸಿಸುವುದನ್ನು ವಿರೋಧಿಸಿ ಒಂದು ಪುಸ್ತಕ ಬರೆದ. ಇಸ್ಪೀಟಿನ ಕಣ್ಕಟ್ಟು, ನಾಣ್ಯದ ಕಣ್ಕಟ್ಟುಗಳನ್ನು ಬಿಡಿಸಿ ಹೇಳಿದ. ಇದು ದೆವ್ವದ ಕೆಲಸವಲ್ಲ, ಕೈಚಳಕ ಎಂದು ತೋರಿಸಬೇಕಿತ್ತು. ಜಾದೂ ಸತ್ತಿತೇ? ಅದಾಗಿ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಫ್ರಾನ್ಸಿನಲ್ಲಿ ರಾಬರ್ಟ್ ಹೂಡಿನ್ ಬಂದ, ಗಡಿಯಾರ ರಿಪೇರಿಯವನ ಮಗ, ಆಧುನಿಕ ಜಾದೂವಿನ ಪಿತಾಮಹ ಎನ್ನುತ್ತಾರೆ. ಅವನೇ 1861ರಲ್ಲಿ ಇಸ್ಪೀಟು ಕಳ್ಳರ ತಂತ್ರಗಳನ್ನೆಲ್ಲ ಬಯಲು ಮಾಡುವ ಪುಸ್ತಕ ಬರೆದ. ನಮ್ಮಲ್ಲೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಹುಲಿಕಲ್ ನಟರಾಜ್ ಊರೂರು ತಿರುಗಿ ಪವಾಡದ ಗುಟ್ಟು ಬಿಚ್ಚುತ್ತಾರೆ, ಜನ ಮುಗಿಬಿದ್ದು ನೋಡುತ್ತಾರೆ. ಗುಟ್ಟು ತಿಳಿದರೆ ನೋಡುವವರೇ ಇರುವುದಿಲ್ಲ ಎನ್ನುವವರು ಆ ಸಭೆಗಳಿಗೊಮ್ಮೆ ಹೋಗಿ ಬರಲಿ.

ಒಂದು ಮಾತು ಒಪ್ಪುತ್ತೇನೆ. ನೀನು ಮಂಟಪದಲ್ಲಿ ಆಟ ಕಟ್ಟಿ ನಿಂತಾಗ ಹಿಂದಿನ ಸಾಲಿನಿಂದ "ಅದು ಹಿಂಗೆ" ಎಂದು ಕೂಗುವವನು ನೀಚ. ನಾನು ಅದನ್ನು ಮಾಡುವುದಿಲ್ಲ, ಮಕ್ಕಳಿಗೂ ಮೊದಲ ದಿನವೇ ಹೇಳಿದ್ದೇನೆ. ಕೂತು, ಕತ್ತರಿಸಿ, ಕೆಡಿಸಿ, ಮತ್ತೆ ಮಾಡಲು ತಯಾರಿರುವವನಿಗೆ ಹೇಳಿಕೊಡುವುದು ಬೇರೆ ವಿಷಯ.

ರೆಡಿಮೇಡ್ ಕೊಳ್ಳಲಿ ಎಂದೆಯಲ್ಲ, ನನಗೆ ಹೆಚ್ಚು ಸಿಟ್ಟು ಬರುವುದು ಅಲ್ಲಿ. ಪ್ಯಾಕೆಟ್ ಒಡೆದು, ಎರಡು ನಿಮಿಷದ ವಿಡಿಯೊ ನೋಡಿ, ಸಂಜೆಗೆ ಜಾದೂಗಾರನಾದವನಿಗೆ ಎಲೆ ಎಂದರೆ ಏನೆಂದೇ ಗೊತ್ತಿರುವುದಿಲ್ಲ. ಈ ನಾಡಿನಲ್ಲಿ ಎಲೆಯನ್ನು ಕೈಯಲ್ಲೇ ಮಾಡುತ್ತಿದ್ದರು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಉರುಟು ಎಲೆ, ಒಂದೊಂದಕ್ಕೂ ಕುಂಚದ ಕೆಲಸ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಎಲೆಯಾಟಗಳನ್ನು ಕಟ್ಟಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದರು. ಇನ್ನೊಂದು ವಿಷಯ ಗಮನಿಸು: ಉರುಟು ಎಲೆಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಅದನ್ನು ಓರೆ ಕತ್ತರಿಸಿ ತಿರುಗಿಸಿ ಇಡುವ ಮೋಸ ನಡೆಯುವುದಿಲ್ಲ. ಇದು ನನಗೆ ಹೊಳೆದದ್ದು ಪುಸ್ತಕದಿಂದಲ್ಲ, ಎಲೆ ಕತ್ತರಿಸುತ್ತಾ ಕೂತಾಗ.

ಎರಡು ಮುಖದ ಎಲೆ ಬೇಕೆಂದರೆ ಕಾಗದದ ಎಲೆಯನ್ನು ನೀರಿನಲ್ಲಿ ನೆನೆಸು. ಒಳ್ಳೆಯ ಎಲೆ ಒಂದು ಕಾಗದವಲ್ಲ, ಎರಡು ಕಾಗದ. ಬೆಳಕಿಗೆ ಹಿಡಿದರೆ ಆಚೆ ಕಾಣದಂತೆ ನಡುವೆ ಕಪ್ಪು ಅಂಟು ಇರುತ್ತದೆ. ನೆನೆದ ಮೇಲೆ ಮೂಲೆಯಿಂದ ಮೆಲ್ಲಗೆ ಬಿಡಿಸಿದರೆ ಎರಡಾಗುತ್ತದೆ. ಎರಡು ಎಲೆಗಳ ಮುಖಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ದಪ್ಪ ಪುಸ್ತಕಗಳ ಅಡಿ ಒಂದು ರಾತ್ರಿ ಇಡು. ಕೋಚಿಂಗ್ ಗೈಡುಗಳು ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದಕ್ಕೇ. ಹತ್ತು ಎಲೆ ಹರಿದ ಮೇಲೆ ಹನ್ನೊಂದನೆಯದು ಸರಿಯಾಗುತ್ತದೆ. ಆ ಹತ್ತು ಎಲೆಗಳಲ್ಲಿ ಕಲಿತದ್ದು ಯಾವ ಪಾರ್ಸೆಲ್ಲಿನಲ್ಲೂ ಬರುವುದಿಲ್ಲ.

ಕೊನೆಗೆ ಆ ಬೇಸಿಗೆಯ ಲೆಕ್ಕ ಹೇಳಿಬಿಡುತ್ತೇನೆ. ಸ್ವೆಂಗಾಲಿ ಎಂಬ ಕಟ್ಟಿದೆ. ಅದರಲ್ಲಿ 26 ಎಲೆ ಬೇರೆ ಬೇರೆ, 26 ಎಲೆ ಒಂದೇ, ಉದಾಹರಣೆಗೆ ಎಲ್ಲವೂ ಆಟೀನಿನ ಏಳು. ಆ ಏಳುಗಳನ್ನು ಒಂದು ತುದಿಯಲ್ಲಿ ಮಿಲಿಮೀಟರಿನಷ್ಟು ಗಿಡ್ಡ ಮಾಡಿ, ಪ್ರತಿ ಉದ್ದ ಎಲೆಯ ಮೇಲೊಂದು ಇಡಬೇಕು. ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಎದುರಿನವರಿಗೆ ಉದ್ದ ಎಲೆಗಳಷ್ಟೇ ಕಾಣುತ್ತವೆ, ಕಟ್ಟು ಮಾಮೂಲಿ ಅನ್ನಿಸುತ್ತದೆ. ತುದಿ ಹಿಡಿದು ಎಲ್ಲಿ ಎತ್ತಿದರೂ ಬೆರಳಿಗೆ ಸಿಗುವುದು ಉದ್ದ ಎಲೆ, ಕೆಳಗೆ ಉಳಿಯುವುದು ಏಳು. ಆದರೆ ಒಂದು ಕಟ್ಟಿನಲ್ಲಿರುವುದು ಆಟೀನಿನ ಒಂದೇ ಏಳು. ಇಪ್ಪತ್ತಾರು ಬೇಕೆಂದರೆ ಇಪ್ಪತ್ತಾರು ಕಟ್ಟು ಕೊಳ್ಳಬೇಕು. ಒಬ್ಬನಿಗೆ ಆಗದ ಮಾತು.

ತಾರಸಿಯ ಮೇಲೆ ಇಪ್ಪತ್ತಾರು ಮಕ್ಕಳಿದ್ದರು. ಒಂದೇ ಬೆನ್ನಿನ ಕಟ್ಟನ್ನು ಎಲ್ಲರೂ ಒಂದೊಂದು ತಂದರು. ಒಟ್ಟು 1352 ಎಲೆಗಳನ್ನು ಜಮಖಾನೆಯ ಮೇಲೆ ಸುರಿದೆವು. ಆಟೀನಿನ ಹದಿಮೂರು, ಇಸ್ಪೀಟಿನ ಹದಿಮೂರು, ಈ ಇಪ್ಪತ್ತಾರು ಎಲೆಗಳಲ್ಲಿ ಮಗುವಿಗೊಂದು. ಒಬ್ಬಳಿಗೆ ಆಟೀನಿನ ರಾಣಿ ಇಪ್ಪತ್ತಾರು, ಒಬ್ಬನಿಗೆ ಇಸ್ಪೀಟಿನ ಎಕ್ಕ ಇಪ್ಪತ್ತಾರು. ಉಳಿದ ಡೈಮಂಡು, ಕಳಾವರುಗಳ ಇಪ್ಪತ್ತಾರು ಎಲೆಗಳು ಪ್ರತಿಯೊಬ್ಬರಿಗೂ ಒಂದೊಂದು. ಇಪ್ಪತ್ತಾರು ಮಾಮೂಲಿ ಕಟ್ಟು ಇಪ್ಪತ್ತಾರು ಜಾದೂ ಕಟ್ಟಾದವು, ಒಂದು ಎಲೆ ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಗಿಡ್ಡ ಮಾಡಲು ಕೆಳಗಿನ ಬೈಂಡಿಂಗ್ ಅಂಗಡಿಯ ಕಟಿಂಗ್ ಮಷಿನ್, ಮೂಲೆ ದುಂಡು ಮಾಡಲು ಮನೆಮನೆಯ ಉಗುರು ಕತ್ತರಿ. ಎಲೆಗಳನ್ನು ವಿಂಗಡಿಸುವಾಗ "ನನಗ ರಾಣಿ ಕೊಡೋ", "ನಿನ್ನ ಹತ್ರ ಗುಲಾಮ ಐತೇನು" ಎಂದು ಅಷ್ಟು ಮಕ್ಕಳೂ ಕೂಗಾಡಿದ್ದು ಕನ್ನಡದಲ್ಲೇ.

ತಕರಾರು ಮಾಡಿದ್ದ ಆ ತಾಯಿ ಕೊನೆಯ ಭಾನುವಾರ ಬಂದು ಹಿಂದೆ ನಿಂತಿದ್ದರು. ಮಗಳು ಅವರಿಂದ ಒಂದು ಎಲೆ ತೆಗೆಸಿ, ಅದು ಯಾವುದೆಂದು ಹೇಳಿ, ಆಮೇಲೆ ಕಟ್ಟನ್ನು ಅವರ ಕೈಗೇ ಕೊಟ್ಟು ಅಂಚು ಸವರಲು ಹೇಳಿದಳು. ಅವರು ಎರಡು ಸಲ ಸವರಿದರು. ಮೂರನೇ ಸಲಕ್ಕೆ ಬೆರಳು ನಿಂತಿತು. "ಇಷ್ಟ ಏನು?" ಅಂದರು. ಇಷ್ಟೇ ಅಕ್ಕಾರ.

ಈ ಬೇಸಿಗೆಗೂ ತಾರಸಿ ಕೇಳಿದ್ದೇನೆ. ಮಕ್ಕಳಷ್ಟೇ ಅಲ್ಲ, ಹಾಸ್ಟೆಲ್ ಹುಡುಗರೂ ಬರಲಿ ಎಂದು ಆಸೆ. ಯಾದಗಿರಿಯ ಆ ಹುಡುಗ ಈಗ ಎಲ್ಲಿದ್ದಾನೋ. ಅವನಿಗೆ ನಾಲ್ಕು ಸಾವಿರ ರೂಪಾಯಿ ಕೊಡುವುದು ಬಾಕಿ ಇದೆ, ಅವತ್ತು ಹೇಳಬೇಕಿದ್ದ ಒಂದು ಮಾತೂ ಬಾಕಿ ಇದೆ.